ನೆರಳಿರುವ ಜಾರುಬಂಡೆ

ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸಗಳು ಜಗತ್ತಿನಲ್ಲಿ ಕೆಲವೇ ಇವೆ; ಅವುಗಳಲ್ಲಿ ಒಂದು ನನ್ನ ಪಾಲಿಗೆ ಬಂದಿದೆ. ಕೆನಡಾದ ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಿಟಕಿ ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರು. ಬೇರೆಯವರು ಬೆವರು ಸುರಿಸಿ ಮಾಡಿಟ್ಟ ಕಿಟಕಿಯ ಮುಂದೆ ಕೈಕಟ್ಟಿ ನಿಂತು, ಇದು ಸರಿಯಾಗಿರಲಾರದು ಎಂದು ಮೊದಲೇ ತೀರ್ಮಾನಿಸಿ, ಕಾರಣವನ್ನು ಆಮೇಲೆ ಹುಡುಕುತ್ತೇನೆ. ಹದಿನೆಂಟು ವರ್ಷ ಇದನ್ನೇ ಮಾಡಿದವನ ಕಣ್ಣು ಕಿಟಕಿಯ ಹತ್ತಿರವೇ ನಿಲ್ಲುವುದಿಲ್ಲ. ಡಾಕ್ಟರು "ಎಲ್ಲಾ ನಾರ್ಮಲ್" ಎಂದರೆ, ಇನ್ನೊಮ್ಮೆ ನೋಡಿ ಎನ್ನುತ್ತೇನೆ. ಒಮ್ಮೆ ಪಕ್ಕದ ಮನೆಯ ಇಟಾಲಿಯನ್ ಅಜ್ಜ ನಮ್ಮ ಮನೆಯ ಮುಂದಿನ ಡ್ರೈವ್‌ವೇಯ ಹಿಮವನ್ನೂ ತಾನೇ ಎತ್ತಿ ಹಾಕಿದಾಗ, ಇವನಿಗೆ ನನ್ನಿಂದ ಏನು ಬೇಕಾಗಿದೆ ಎಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಅವನಿಗೆ ಏನೂ ಬೇಕಾಗಿರಲಿಲ್ಲ. ಅದು ಗೊತ್ತಾದ ಮೇಲೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಇಂಥ ನನ್ನ ಮನೆಗೆ ಈ ಬೇಸಿಗೆಯಲ್ಲಿ ನನ್ನ ಹೆಂಡತಿ ಶಾಂತಾಳ ತಂಗಿ ಗಿರಿಜಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ದೊಡ್ಡವಳು ಇಂಚರಾ, ಒಂಬತ್ತು ವರ್ಷ; ಚಿಕ್ಕವಳು ಮಿಂಚು, ಐದು. ಹನ್ನೆರಡು ವರ್ಷಗಳಿಂದ ಅವರ ವಾಸ ಕೊಲ್ಲಿಯ ಒಂದು ಮರುಭೂಮಿ ಊರಿನಲ್ಲಿ. ಗಿರಿಜಾಳ ಗಂಡ ಅಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರು. ರಜೆ ಸಿಗದೆ ಅವನು ಅಲ್ಲೇ ಉಳಿದಿದ್ದ. ಎರಡು ತಿಂಗಳು ಇರುತ್ತೇವೆ ಎಂದಳು. ಯಾಕೆ ಎರಡು ತಿಂಗಳು? ನನಗೆ ತಿಳಿದಂತೆ ನೆಂಟರು ಎರಡು ವಾರ ಇರುತ್ತಾರೆ, ನಯಾಗರಾ ನೋಡುತ್ತಾರೆ, ಹೋಗುತ್ತಾರೆ. ಮೂರನೆಯ ದಿನ ಡೈನಿಂಗ್ ಟೇಬಲ್ಲಿನ ಮೇಲೆ ಒಂದು ಫೈಲು ಕಂಡೆ. ಒಳಗೆ ಮಕ್ಕಳ ಮಾರ್ಕ್ಸ್ ಕಾರ್ಡು, ಲಸಿಕೆಯ ಪುಸ್ತಕ. ರಜೆಗೆಂದು ಬಂದವರು ಲಸಿಕೆಯ ಪುಸ್ತಕ ಯಾಕೆ ತರುತ್ತಾರೆ? ಅಡುಗೆಮನೆಯಲ್ಲಿ ಅಕ್ಕತಂಗಿಯರ ಮಾತು ನಾನು ಕಾಲಿಟ್ಟ ಕೂಡಲೇ ಬದನೆಕಾಯಿಯ ಕಡೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಗಿರಿಜಾ ಒಬ್ಬಳೇ ನಮ್ಮ ಮನೆಯ ನೆಲದಡಿಯ ಬೇಸ್‌ಮೆಂಟಿಗೆ ಇಳಿದು, ನಲ್ಲಿ ತಿರುಗಿಸಿ, ಫ್ಲಶ್ ಮಾಡಿ, ಮೇಲೆ ಬಂದಳು. ನಾನು ಲೆಕ್ಕ ಹಾಕಿಬಿಟ್ಟೆ. ಇವರು ನೋಡಲು ಬಂದವರಲ್ಲ, ಇರಲು ಬಂದವರು. ಇರುವುದು ನನ್ನ ಕಾಲ ಕೆಳಗೆ.

ಅದೇ ವಾರ ಅವಳು ಕೇಳಿದಳು, "ಮಾಮಾರ, ಇಲ್ಲೆ ಹುಡುಗರು ಆಡೂದಕ್ಕ ಛಲೋ ಜಾಗಾ ಎಲ್ಲೈತ್ರಿ?"

ನಾನು ನಕ್ಕೆ. "ಕೆನಡಾಕ್ಕ ಬಂದು ಆಡೂ ಜಾಗಾ ಎಲ್ಲೈತಿ ಅಂತ ಕೇಳ್ತಿಯಲ್ಲವಾ! ಸಂದಿಗೊಂದು ಪಾರ್ಕ್ ಅದಾವ ಇಲ್ಲೆ. ಕಣ್ಣು ಮುಚ್ಚಿ ಹೋದ್ರೂ ಜೋಕಾಲಿಗೆ ಹಣಿ ಬಡೀತೈತಿ."

"ಹಂಗಲ್ರಿ," ಎಂದು ಅವಳು ತಮ್ಮೂರಿನ ಕಥೆ ತೆಗೆದಳು. ಅಲ್ಲಿ ಮಕ್ಕಳಿಗೆ ಆಡುವ ಜಾಗ ಹುಡುಕುವುದೆಂದರೆ ಕನ್ಯೆ ನೋಡಿದ ಹಾಗಂತೆ, ಫೋಟೋ ನಂಬುವ ಹಾಗಿಲ್ಲ. ಇಂಟರ್ನೆಟ್ಟಿನಲ್ಲಿ 'ಫ್ಯಾಮಿಲಿ ಫ್ರೆಂಡ್ಲಿ' ಎಂದು ಹತ್ತು ಪಾರ್ಕುಗಳ ಪಟ್ಟಿ ಕೊಟ್ಟಿರುತ್ತಾರೆ. ಎಲ್ಲ ಚಿತ್ರಗಳೂ ಜನವರಿಯ ಸಂಜೆ ತೆಗೆದವು. ಮೇ ತಿಂಗಳಲ್ಲಿ ಹೋದರೆ ಜೋಕಾಲಿಯ ಸರಪಳಿ ಮುಟ್ಟುವಂತಿಲ್ಲ, ನೆರಳಿಗೆ ಕಟ್ಟಿದ ಬಟ್ಟೆ ಹರಿದು ಪಟಪಟ ಎನ್ನುತ್ತಿರುತ್ತದೆ, ಶೌಚಾಲಯಕ್ಕೆ ಬೀಗ. ಅವಳು ಕೊನೆಗೆ ಬೇರೆ ಉಪಾಯ ಹಿಡಿದಳಂತೆ. ಬೆಳಗ್ಗೆ ಐದು ಗಂಟೆಗೆ ಕಾರು ತೆಗೆದುಕೊಂಡು ಸುತ್ತುವುದು. ಆ ಹೊತ್ತಿಗೆ ಯಾವ ಪಾರ್ಕಿನ ಮುಂದೆ ನಾಲ್ಕು ಕಾರು ನಿಂತಿವೆಯೋ ಅಲ್ಲಿ ಬೇವಿನ ಮರವೋ ಕುಡಿಯುವ ನೀರೋ ಏನೋ ಒಂದು ಇದೆ ಎಂದು ಅರ್ಥ. ಉಳಿದಂತೆ ವರ್ಷದ ಏಳೆಂಟು ತಿಂಗಳು ಮಾಲ್‌ಗಳ ಒಳಗೆ, ಎ.ಸಿ.ಯಲ್ಲಿ, ನೂರು ಮಕ್ಕಳ ಕಾಲುಚೀಲದ ವಾಸನೆಯ ನಡುವೆ ಆಟ.

ನಾನು ನಂಬಲಿಲ್ಲ. ಸೆಕೆಯ ಊರಿನವರು ಸೆಕೆಯನ್ನು, ಚಳಿಯ ಊರಿನವರು ಚಳಿಯನ್ನು ಉಬ್ಬಿಸಿ ಹೇಳುತ್ತಾರೆ. ಕಣ್ಣಿನ ರೆಪ್ಪೆ ಹೆಪ್ಪುಗಟ್ಟುತ್ತದೆ ಎಂದು ನಾನೇ ನಮ್ಮೂರು ಹುಬ್ಬಳ್ಳಿಯವರಿಗೆಲ್ಲ ಫೋನಿನಲ್ಲಿ ಹೇಳಿ ಹೆದರಿಸಿದ್ದೇನೆ. ಹೆಪ್ಪುಗಟ್ಟಿದ್ದು ಒಂದೇ ಸಲ, ಅದೂ ಅರ್ಧ ರೆಪ್ಪೆ. ಅಲ್ಲದೆ ಅವಳು ಇಷ್ಟು ಕಷ್ಟ ಹೇಳುತ್ತಿರುವುದರ ಹಿಂದೆ ಬೇಸ್‌ಮೆಂಟಿನ ಅರ್ಜಿ ಇದೆ ಎಂದು ನನಗೆ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಸೆಕೆ ಬಂತು. ಪ್ರತಿ ಬೇಸಿಗೆಯಲ್ಲೂ ಒಂದೆರಡು ಸಲ ಬರುವಂಥದ್ದೇ, ಆದರೆ ಈ ಸಲ ಬಂದದ್ದು ಹೋಗಲಿಲ್ಲ. ರೇಡಿಯೋದಲ್ಲಿ ನೀರು ಕುಡಿಯಿರಿ, ಹೊರಗೆ ಹೋಗಬೇಡಿ ಎಂದು ದಿನವೂ ಹೇಳತೊಡಗಿದರು. ಹುಲ್ಲು ಒಣಗಿ ಹಳೆಯ ಡೋರ್‌ಮ್ಯಾಟಿನ ಬಣ್ಣಕ್ಕೆ ತಿರುಗಿತು. ನಾನು ಮಾತ್ರ ನನ್ನ ದೇಶದ ಮಾನ ಉಳಿಸಲು, ಶನಿವಾರ ಮಧ್ಯಾಹ್ನ ಎಲ್ಲರನ್ನೂ ನಮ್ಮ ಹೊಸ ಬಡಾವಣೆಯ ಪಾರ್ಕಿಗೆ ಹೊರಡಿಸಿದೆ. ಜಾರುಬಂಡೆ, ಜೋಕಾಲಿ, ಏಣಿ ಎಲ್ಲವೂ ಹೊಸವು. ಮರಗಳೂ ಹೊಸವೇ: ನನ್ನ ಭುಜದೆತ್ತರ, ಬೀಳದಿರಲೆಂದು ಗೂಟಕ್ಕೆ ಕಟ್ಟಿದ್ದರು. ಅವುಗಳ ನೆರಳಿನಲ್ಲಿ ಒಂದು ಬೆಕ್ಕು ಮಲಗಬಹುದಿತ್ತು, ಬಾಲ ಮಡಚಿಕೊಂಡರೆ.

ಇಂಚರಾ ಜಾರುಬಂಡೆಯ ಅಂಚಿಗೆ ಕೈಯ ಹಿಂಬದಿಯನ್ನು ತಾಗಿಸಿ ನೋಡಿದಳು, ನಮ್ಮ ಹೆಂಗಸರು ಹಂಚು ಕಾದಿದೆಯೇ ಎಂದು ನೋಡುವ ಹಾಗೆ. "ದೊಡ್ಡಪ್ಪ, ಇಟ್ಸ್ ಟೂ ಹಾಟ್," ಎಂದು ಹಿಂದೆ ಸರಿದಳು.

"ಪ್ಲಾಸ್ಟಿಕ್ ಐತವಾ, ಎಷ್ಟು ಸುಡತೈತಿ? ನೋಡಿಲ್ಲೆ," ಎಂದು ನಾನೇ ಏರಿದೆ. ಬೇಸಿಗೆಯೆಂದು ಚಡ್ಡಿ ಹಾಕಿದ್ದೆ. ಅದು ಈ ಕಥೆಯ ಮುಖ್ಯ ಸಂಗತಿ. ಕೂತೆ, ಜಾರಿದೆ, ಅರ್ಧಕ್ಕೆ ನಿಂತೆ. ಬೆವರಿದ ತೊಡೆಗಳು ಬಂಡೆಗೆ ಅಂಟಿಕೊಂಡಿದ್ದವು. ಕೆಳಗೆ ಹೋಗಲಾರೆ, ಮೇಲೆ ಬರಲಾರೆ, ಕೈಯೂರಿ ಏಳಲಾರೆ, ಏಕೆಂದರೆ ಕೈಯೂ ಸುಡುತ್ತದೆ. ನನ್ನ ಬಾಯಿಂದ ಹೊರಟ ಶಬ್ದ ಯಾವ ಭಾಷೆಯದ್ದೋ ತಿಳಿಯದು. ಶಾಂತಾ ಕಾಲು ಹಿಡಿದು ಎಳೆದಳು. ಗಿರಿಜಾ ನಗಲಿಲ್ಲ, ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು. ಆ ಉಪಚಾರ ನನಗೆ ಬಹಳ ಸಂಶಯಾಸ್ಪದವಾಗಿ ಕಂಡಿತು.

ಆ ವಾರವಿಡೀ ನಿಂತುಕೊಂಡೇ ಕೆಲಸ ಮಾಡಿದೆ. ನಿಂತವನಿಗೆ ಯೋಚನೆ ಜಾಸ್ತಿ. ಗಿರಿಜಾಳಿಗೆ ಒಂದು ಒಳ್ಳೆಯ ಪಾರ್ಕು ತೋರಿಸದಿದ್ದರೆ ಇಷ್ಟು ವರ್ಷ ಈ ದೇಶದಲ್ಲಿದ್ದು ಏನು ಬಂತು ಎನಿಸಿತು. ನಮ್ಮ ಫ್ಯಾಕ್ಟರಿಯಲ್ಲಿ ಕಿಟಕಿಯ ಚೌಕಟ್ಟು ಬೆಸೆಯುವಾಗ ಬಿಸಿ ಎಷ್ಟಿದೆ ಎಂದು ನೋಡಲು ಒಂದು ಥರ್ಮಾಮೀಟರು ಇದೆ. ಪಿಸ್ತೂಲಿನ ಆಕಾರದ್ದು. ದೂರದಿಂದ ಗುರಿಯಿಟ್ಟು ಗುಂಡಿ ಒತ್ತಿದರೆ ಕೆಂಪು ಚುಕ್ಕೆಯೊಂದು ಬಿದ್ದು, ಡಿಗ್ರಿ ತೋರಿಸುತ್ತದೆ. ಸೂಪರ್‌ವೈಸರನನ್ನು ಕೇಳಿ ಅದನ್ನು ಮನೆಗೆ ತಂದೆ. ಮರುದಿನ ಶನಿವಾರ, ಯಾರಿಗೂ ಹೇಳದೆ, ಟೋಪಿ, ಕಪ್ಪು ಕನ್ನಡಕ, ಉದ್ದ ಪ್ಯಾಂಟು ಹಾಕಿ, ಒಂದು ನೋಟ್‌ಬುಕ್ ಹಿಡಿದು ಹೊರಟೆ.

ಮೊದಲ ಎರಡು ಪಾರ್ಕುಗಳಲ್ಲಿ ಯಾರೂ ಇರಲಿಲ್ಲ. ಜಾರುಬಂಡೆಗೆ ಗುರಿಯಿಟ್ಟು ಬರೆದುಕೊಂಡೆ: ದೋಸೆ ಹುಯ್ಯಬಹುದು. ಮೂರನೆಯದರಲ್ಲಿ ಏಣಿಯ ಕೆಳಗಿನ ತುಸು ನೆರಳಲ್ಲಿ ಐದಾರು ಮಕ್ಕಳು ಆಡುತ್ತಿದ್ದರು, ಬೆಂಚಿನ ಮೇಲೆ ತಾಯಂದಿರು. ನಾನು ಕಂಬದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಜಾರುಬಂಡೆಗೆ ಗುರಿಯಿಟ್ಟೆ. ಕೆಂಪು ಚುಕ್ಕೆ ಬಿತ್ತು. ಒಂದು ಪುಟ್ಟ ಹುಡುಗಿ ಅದನ್ನು ಕಂಡು ಕಿರುಚುತ್ತಾ ಬಂದು ತುಳಿಯಲು ನೋಡಿದಳು. ನಾನು ಗಾಬರಿಯಿಂದ ಕೈ ಸರಿಸಿದೆ, ಚುಕ್ಕೆ ಓಡಿತು, ಅದರ ಹಿಂದೆ ಎಲ್ಲ ಮಕ್ಕಳೂ ಓಡಿದರು. ತಲೆ ಎತ್ತಿದಾಗ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತಿದ್ದರು.

ಅವರೊಳಗಿಂದ ಸಲ್ವಾರ್ ಕಮೀಜಿನ ಪಂಜಾಬಿ ಅಜ್ಜಿಯೊಬ್ಬರು ನಿಧಾನವಾಗಿ ನನ್ನತ್ತ ಬಂದರು. "ಭಾಯಿಸಾಬ್, ಆಪ್‌ಕಾ ಬಚ್ಚಾ ಕಹಾಂ ಹೈ?"

ನಿಮ್ಮ ಮಗು ಎಲ್ಲಿ ಎಂಬುದು ಎಷ್ಟು ಸರಳವಾದ ಪ್ರಶ್ನೆ! ನನ್ನ ಬಳಿ ಮಗು ಇರಲಿಲ್ಲ, ಪಿಸ್ತೂಲಿತ್ತು. ನನಗೆ ಬರುವ ಹಿಂದಿಯಲ್ಲಿ ಸತ್ಯವನ್ನೇ ಹೇಳಿದೆ: ಮರುಭೂಮಿಯಿಂದ ಹೆಂಡತಿಯ ತಂಗಿ ಬಂದಿದ್ದಾಳೆ, ಅವಳ ಮಕ್ಕಳಿಗಾಗಿ ತಣ್ಣಗಿನ ಜಾರುಬಂಡೆ ಹುಡುಕುತ್ತಿದ್ದೇನೆ, ಕಳೆದ ವಾರ ತೊಡೆ ಸುಟ್ಟುಕೊಂಡೆ. ಹೇಳುತ್ತಾ ಹೋದಂತೆ ನನಗೇ ಅದು ಅಪ್ಪಟ ಸುಳ್ಳಿನಂತೆ ಕೇಳಿಸತೊಡಗಿತು. ಅಜ್ಜಿ ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹದಿನೆಂಟು ವರ್ಷ ನಾನು ಕಿಟಕಿಗಳನ್ನು ನೋಡಿದ್ದು ಹಾಗೆಯೇ. ಹಿಂದಿದ್ದ ತಾಯಿಯೊಬ್ಬಳು ಫೋನು ತೆಗೆದಳು.

ನಾನೂ ಫೋನು ತೆಗೆದೆ. "ಶಾಂತಾ, ಹುಡುಗರನ್ನ ಕರ್ಕೊಂಡು ಲಗೂನ ಬಾ," ಎಂದು ಪಾರ್ಕಿನ ಗುರುತು ಹೇಳಿದೆ.

"ಏನ್ ಮಾಡ್ಕೊಂಡ್ರಿ?" ಎಂದಳು ಅವಳು. ಏನಾಯಿತು ಎಂದು ಕೇಳಲಿಲ್ಲ ನೋಡಿ.

ಹತ್ತು ನಿಮಿಷ ಅಜ್ಜಿ ನನ್ನ ಪಕ್ಕದಲ್ಲೇ ಕಾವಲು ನಿಂತರು. ಕೊನೆಗೆ ಶಾಂತಾಳ ಕಾರು ಬಂತು. ಗಿರಿಜಾ ಮಕ್ಕಳ ಕೈ ಹಿಡಿದು ಬಂದವಳೇ ಜಾರುಬಂಡೆಗೆ ಕೈಯ ಹಿಂಬದಿ ತಾಗಿಸಿ, ಕತ್ತೆತ್ತಿ ಆಕಾಶ ನೋಡಿ, "ಮಾಮಾರ, ಇದರ ಮ್ಯಾಲೆ ಗಿಡಾನ ಇಲ್ಲಲ್ರಿ. ಮೊದಲ ಮ್ಯಾಲೆ ನೋಡಬೇಕು, ಆಮ್ಯಾಲೆ ಕೆಳಗ. ಅದಕ್ಕ ಮಶಿನ್ ಯಾಕ ಬೇಕ್ರಿ?" ಎಂದಳು.

ಅಜ್ಜಿ ನನ್ನತ್ತ ಬೆರಳು ತೋರಿಸಿ ಕೇಳಿದರು, "ಯೇ ಆಪ್‌ಕೇ ಹೈಂ?" ಇವರು ನಿಮ್ಮವರೇ?

ಗಿರಿಜಾ ಒಂದು ಕ್ಷಣ ನನ್ನನ್ನು ನೋಡಿದಳು. "ದೀದಿ ಕೇ ಹೈಂ," ಎಂದಳು. ಅಕ್ಕನವರು, ತನಗೆ ಸಂಬಂಧವಿಲ್ಲ ಎನ್ನುವ ಧಾಟಿಯಲ್ಲಿ.

ಆಮೇಲೆ ಅವರಿಬ್ಬರೂ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಅಜ್ಜಿ ಬಟಿಂಡಾ ಕಡೆಯವರು, ಬಿಸಿಲು ಕಂಡವರು. ನನಗೆ ಹೇಳದ ಗುಟ್ಟನ್ನು ಅವಳಿಗೆ ಹೇಳಿದರು: ಕ್ಲೈನ್‌ಬರ್ಗ್ ಕಡೆ ಹೋಗುವ ದಾರಿಯಲ್ಲಿ, ನದಿಯ ಕಣಿವೆಗೆ ಇಳಿಯುವಲ್ಲಿ, ಒಂದು ಹಳೆಯ ಪಾರ್ಕಿದೆ, ಜಾರುಬಂಡೆ ಹಳೆಯದು, ಬಣ್ಣ ಹೋಗಿದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಆದರೆ ಮಧ್ಯಾಹ್ನವೂ ತಣ್ಣಗಿರುತ್ತದೆ.

ಮರುದಿನ ಬೆಳಗ್ಗೆ ಹೋದೆವು. ಅಜ್ಜಿಯ ಮಾತಿನಲ್ಲಿ ನನಗೆ ನಂಬಿಕೆಯಿರಲಿಲ್ಲ, ಥರ್ಮಾಮೀಟರು ಕಾರಿನಲ್ಲೇ ಇತ್ತು. ತೆಗೆಯುವ ಅಗತ್ಯ ಬೀಳಲಿಲ್ಲ. ಮೂರು ಮೇಪಲ್ ಮರಗಳು ಸೇರಿ ಇಡೀ ಆಟದ ಅಂಗಳಕ್ಕೆ ಚಪ್ಪರ ಹಾಕಿದ್ದವು. ಇಂಚರಾ ಜಾರುಬಂಡೆಗೆ ಓಡಿದಳು. ಮಿಂಚು ಓಡಲಿಲ್ಲ. ಅವಳು ದೊಡ್ಡ ಮರದ ಬುಡಕ್ಕೆ ಹೋಗಿ ಬಗ್ಗಿ ಏನನ್ನೋ ಹುಡುಕತೊಡಗಿದಳು. ಒಂದು ಸುತ್ತು ಬಂದಳು, ಎಲೆ ಸರಿಸಿ ನೋಡಿದಳು, ಇನ್ನೊಂದು ಸುತ್ತು ಬಂದಳು. ಏನು ಕಳಕೊಂಡಿಯವಾ ಎಂದು ಕೇಳಿದೆ.

"ದೊಡ್ಡಪ್ಪ, ಪೈಪ್ ಎಲ್ಲೈತಿ?"

"ಯಾವ ಪೈಪು?"

"ನೀರಿನ ಪೈಪ್. ಟ್ರೀಗೆ ಪೈಪ್ ಬೇಕಲ್ಲ?"

ಅವರ ಊರಿನಲ್ಲಿ ಪ್ರತಿ ಮರದ ಬುಡದಲ್ಲೂ ಕರಿಯ ಪೈಪೊಂದು ಸುತ್ತಿರುತ್ತದಂತೆ, ಹನಿಹನಿ ನೀರು ಬಿಡಲು. ಪೈಪಿಲ್ಲದ ಮರವನ್ನು ಈ ಹುಡುಗಿ ಕಂಡೇ ಇರಲಿಲ್ಲ. ಇದಕ್ಕೆ ಯಾರೂ ನೀರು ಹಾಕುವುದಿಲ್ಲ, ಮಳೆಯೇ ಸಾಕು ಎಂದೆ. ಅವಳು ನಂಬಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನೂ ಮರವನ್ನೂ ನೋಡಿ, ಮತ್ತೊಂದು ಸುತ್ತು ಬಂದಳು. ಹಿಂದೆ ನಿಂತಿದ್ದ ಗಿರಿಜಾ ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು: ಗಂಡನ ಕಾಂಟ್ರಾಕ್ಟು ಡಿಸೆಂಬರಿಗೆ ಮುಗಿಯುತ್ತದೆ, ಇಲ್ಲಿಗೇ ಬಂದುಬಿಡೋಣ ಎಂದಿದ್ದೇವೆ, ಮಕ್ಕಳು ಹೊರಗೆ ಆಡಬಹುದೋ ಇಲ್ಲವೋ ನೋಡಿಕೊಂಡು ಬಾ ಎಂದು ಅವರೇ ಕಳಿಸಿದರು.

ನನ್ನ ಅನುಮಾನ ನಿಜವಾಗಿತ್ತು. ಆದರೆ ಗೆದ್ದ ಖುಷಿ ಬರಲಿಲ್ಲ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬೇಸ್‌ಮೆಂಟಿನ ಹಳೆಯ ಡಬ್ಬಿಗಳನ್ನು ಎತ್ತಿ ಗ್ಯಾರೇಜಿಗೆ ಹಾಕಿ, ನೆಲ ಒರೆಸಿದೆ. ಭಾನುವಾರ ಉಪ್ಪಿಟ್ಟು ತಿನ್ನುವಾಗ ಗಂಟಲು ಸರಿಮಾಡಿಕೊಂಡು, ನನ್ನ ಜೀವನದ ಅತಿ ಉದಾರವಾದ ಮಾತನ್ನು ಆಡಿದೆ: "ಗಿರಿಜಾ, ಬೇಸ್‌ಮೆಂಟ್ ಖಾಲಿ ಐತಿ. ನೀವೆಲ್ಲಾ ಅಲ್ಲೇ ಇರ್ರಿ. ಎಷ್ಟ್ ವರ್ಷ ಆದ್ರೂ."

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಗಿರಿಜಾ ಚಮಚ ಕೆಳಗಿಟ್ಟಳು. "ಮಾಮಾರ, ನಾವು ವಿಟ್ಬಿಯೊಳಗ ಮನಿ ನೋಡೇವ್ರಿ. ಇವರ ದೋಸ್ತರ ಮನಿ ಬಾಜೂಕ. ಹಿಂದ ದೊಡ್ಡ ಗಿಡಾ ಐತಿ, ಪಾರ್ಕ್ ಐತಿ. ಅಕ್ಕಾ ಎರಡ್ ಸಲ ಕರ್ಕೊಂಡು ಹೋಗಿದ್ಲು, ನೀವು ಶಿಫ್ಟಿನ್ಯಾಗ ಇದ್ದಾಗ."

ವಿಟ್ಬಿ! ಮಹಾನಗರದ ಆ ತುದಿ; ಟ್ರಾಫಿಕ್ಕಿದ್ದರೆ ಒಂದೂವರೆ ಗಂಟೆ. ಇಡೀ ಬೇಸಿಗೆ ಇವರು ನನ್ನ ಬೇಸ್‌ಮೆಂಟಿಗೆ ಬಂದುಬಿಡುತ್ತಾರೆಂದು ಹೆದರಿದ್ದ ನನಗೆ, ಬರುವುದಿಲ್ಲ ಎಂದ ಕೂಡಲೇ ಎದೆ ಧಸಕ್ಕೆಂದಿತು. "ಯಾಕ, ನಮ್ಮ ಬೇಸ್‌ಮೆಂಟಿಗೆ ಏನಾಗೇತಿ?" ಎಂದೆ.

"ಏನೂ ಆಗಿಲ್ರಿ. ಭಾಳ ಛಲೋ ಐತ್ರಿ," ಎಂದಳು, ತೀರ ವಿನಯದಿಂದ.

ಅಷ್ಟು ವಿನಯ ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಕೆಳಗಿಳಿದೆ. ಗೋಡೆ ತಟ್ಟಿದೆ, ಮೂಲೆ ಮೂಸಿದೆ, ವಾಟರ್ ಹೀಟರಿನ ಶಬ್ದ ಕೇಳಿದೆ, ನೆಲಕ್ಕೆ ಕಿವಿ ಕೊಟ್ಟೆ. ಒಂದು ಗಂಟೆ ಹುಡುಕಿದರೂ ಕೊರತೆಯೇನೂ ಸಿಗಲಿಲ್ಲ. ಮೇಲೆ ಬಂದು ಶಾಂತಾಳಿಗೆ ಹೇಳಿದೆ, "ಕೆಳಗ ಎಲ್ಲಾ ಸರಿ ಐತಿ. ಹುಡುಕಿದ್ರೂ ಒಂದ್ ತೊಂದರೆ ಸಿಗಲಿಲ್ಲ."

ಅವಳು ಪಾತ್ರೆ ಒರೆಸುತ್ತಾ, ತಲೆ ಎತ್ತದೆ ಹೇಳಿದಳು, "ಈಗ ಹೆಂಗ ಸಿಗತೈತ್ರಿ? ಅದು ಮ್ಯಾಲೆ ಬಂದು ನನ್ನ ಮುಂದ ನಿಂತೈತಲ್ಲ."