ಬೆಳೆಯದ ಕ್ರಿಮಿ

ಬಾಳೇಶನ ಆ ದಿನ ಕೆಟ್ಟದ್ದು ಒಂದು ಒಳ್ಳೆಯ ಸುದ್ದಿಯಿಂದ.

ಆರು ವಾರ ಕಾದ ಮೇಲೆ ಬೆಳಗಾವಿಯ ಪ್ರಯೋಗಾಲಯದಿಂದ ಅವನ ಕಫದ ವರದಿ ಖಾನಾಪುರದ ಮನೆಗೆ ಬಂದಿತ್ತು: ಕಫದಿಂದ ಕ್ರಿಮಿ ಬೆಳೆಸಿ ನೋಡಿದರೂ ಬೆಳೆದಿಲ್ಲ. ಸಾಮಾನ್ಯ ಮಾತ್ರೆಗೆ ಬಗ್ಗದ ಕ್ಷಯ ಅವನದು. ಐದು ತಿಂಗಳಿಂದ ನುಂಗುತ್ತಿದ್ದ ಜೋರು ಮಾತ್ರೆಗಳಾದರೂ ನಾಟುತ್ತಿವೆಯೇ ಎಂದು ಈ ವರದಿ ಹೇಳಬೇಕಿತ್ತು. ನಾಟಿದ್ದರೆ, ಬೆಳಗಾವಿಯ ಟಿಳಕವಾಡಿಯ ತವರಿನಲ್ಲಿದ್ದ ಹೆಂಡತಿ ಅನುರಾಧಾ ನಾಲ್ಕು ತಿಂಗಳ ಮಗಳನ್ನು ಕರೆತರುತ್ತಿದ್ದಳು. ಮಗಳನ್ನು ಅವನು ಈವರೆಗೆ ಕಂಡದ್ದು ಫೋನಿನಲ್ಲಷ್ಟೇ.

ವರದಿ ಓದಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಹಳೇ ಡೀಸೆಲ್ ಪಂಪು ಚಾಲೂ ಆದ ಹಾಗೆ, ಬಿಟ್ಟು ಬಿಟ್ಟು ಐದು ನಿಮಿಷ.

"ರಿಪೋರ್ಟ್ ಕ್ಲಿಯರ್ ಐತಿ, ಇನ್ನೂ ಯಾಕ ಕೆಮ್ಮತೀರಿ?" ಪಕ್ಕದ ಮನೆಯ ಕಲ್ಲಯ್ಯ ಗೋಡೆಯ ಮೇಲಿಂದ ಇಣುಕಿದ.

"ನಿಲ್ಲವಲ್ದು."

"ರೂಢಿ ಆಗೇತಿ ನಿಮಗ. ಬಿಟ್ಟು ಬಿಡ್ರಿ. ನಾ ತಂಬಾಕ ಬಿಡಲಿಲ್ಲೇನು?"

ಅಷ್ಟರಲ್ಲಿ ಬಾಳೇಶ ಗುಮಾಸ್ತನಾಗಿದ್ದ ಶಾಲೆಯ ಹೆಡ್‌ಮಾಸ್ತರ ನಾಗಲಿಂಗ ಅವರ ಫೋನು. "ಆರಾಮ ಆತಂತಲ್ಲ! ಮತ್ತ ರಜಾ ಯಾಕ? ನಾಳಿಂದ ಬರ್ರಿ."

"ಸರ್, ನಾಕ ಕಿಲೋ ತೂಕ ಇಳದೈತ್ರಿ."

"ಪುಣ್ಯವಂತರು. ನಾ ದಿನಾ ವಾಕಿಂಗ್ ಹೋದ್ರೂ ಇಳಿವಲ್ದು."

ಬಾಡಿಗೆ ಮನೆಯ ಒಡತಿ ಸಿದ್ದಕ್ಕನಂತೂ ಸುದ್ದಿ ಕೇಳಿದ್ದೇ ತಡ, ಇಡೀ ಓಣಿಗೆ ಕುಂದಾ ಸಿಹಿ ಹಂಚಿ ಬಂದಿದ್ದಳು. ಅವಳ ಪಾಲಿನ ಸಂಭ್ರಮವನ್ನು ನುಂಗಲಾರದೆ, ಉಗುಳಲಾರದೆ, ಬಾಳೇಶ ಮಾಸ್ಕು ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದ. ಕೆಮ್ಮಿದ ರಭಸಕ್ಕೆ ಸುತ್ತಲಿನ ಮೂರು ಸೀಟು ಖಾಲಿಯಾದವು. ಆ ದಿನ ಅವನಿಗಾದ ಲಾಭ ಅದೊಂದೇ.

ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಅಲ್ಲಿನ ಡಾಕ್ಟರ್ ಸಮೃದ್ಧಿ ಹೊಸ ಎಕ್ಸ್‌ರೇಯನ್ನೂ ವರದಿಯನ್ನೂ ಜಗಳಗಂಟ ಅಣ್ಣತಮ್ಮಂದಿರಂತೆ ಎದುರುಬದುರು ಇಟ್ಟು ನೋಡಿದರು.

"ಇದೊಂದು ಹೇಳತದ, ಅದೊಂದು ಹೇಳತದ. ಕಫದ ಡಬ್ಬಿಗೆ ಬಿಸಿಲು ಬಡದಿತ್ತೇನು?"

"ಇಲ್ರಿ ಮೇಡಂ. ಮುಂಜಾನೆ ಎದ್ದಕೂಡ್ಲೆ ಕೆಮ್ಮಿ ಮುಚ್ಚಳ ಬಿಗದಿದ್ದೆ. ನಾನೇ ತಂದು ಕೊಟ್ಟೀನಿ."

"ಹಂಗಾರ ಇನ್ನೊಮ್ಮೆ ಕೊಡ್ರಿ. ಖಾತ್ರಿ ಆಗೂತನಕ ಮಾತ್ರಿ ಬದಲಿಸಾಕ ಬರೂದಿಲ್ಲ. ಕೂಸಿನ ಹತ್ರನೂ ಹೋಗಬ್ಯಾಡ್ರಿ."

ಮತ್ತೆ ಆರು ವಾರ! ಹೊಸ ಡಬ್ಬಿ ಹಿಡಿದು ಸಂಜೆ ಮನೆಗೆ ಬಂದಾಗ ಸಿದ್ದಕ್ಕ ಬಾಗಿಲಲ್ಲೇ ನಿಂತಿದ್ದಳು.

"ಮತ್ತ್ಯಾಕೋ ಡಬ್ಬಿ?"

"ಎಕ್ಸ್‌ರೇದಾಗ ರೋಗ ಇನ್ನೂ ಕಾಣತೈತಂತ. ಆದ್ರೂ ಕ್ರಿಮಿ ಬೆಳೀಲಿಲ್ಲಂದ್ರ ಏನೋ ತಪ್ಪಾಗೇತಂತ, ಆಯಿ."

"ತಪ್ಪ?" ಸಿದ್ದಕ್ಕನಿಗೆ ಅವಮಾನವಾಯಿತು. "ಹೆಂಗ ಬೆಳೀತಾವು? ಅವತ್ತ ನೀ ಹಾಲು ತರಾಕ ಹೋದಾಗ ಆ ಡಬ್ಬಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ, ಹಂಡ್ಯಾನ ಕುದಿಯೂ ನೀರಾಗ ಅರ್ಧಾ ತಾಸು ಇಟ್ಟಿದ್ನಿ. ಒರೆಸಿ ಹೊಳ್ಳಿ ಅಲ್ಲೇ ಇಟ್ನಿ. ಬಸ್ಸಿನ್ಯಾಗ ಬಾಣಂತ್ಯಾರು, ಕೂಸುಗೋಳು ಇರ್ತಾರಪಾ. ಯಾರಿಗೂ ಹತ್ತಬಾರದು."

ಬಾಳೇಶ ಹೊಸ ಡಬ್ಬಿಯನ್ನು ತಟ್ಟನೆ ಜೇಬಿನಲ್ಲಿ ಅಡಗಿಸಿದ. "ಆಯೀ, ಆ ಕ್ರಿಮಿಗೋಳು ಲ್ಯಾಬಿಗೆ ಜೀವಂತ ಹೋಗಬೇಕಿತ್ತು!"

"ನಿನಗ ತಲಿ ಕೆಟ್ಟೈತಿ. ಇರಲಿ, ನಿನಗ ಹೇಳದ ಒಂದು ಕೆಲಸಾ ಮಾಡೇನಿ. ಅನುರಾಧಾಗ ಮುಂಜಾನೇನ ಫೋನ್ ಹಚ್ಚಿದ್ನಿ. ಅಲ್ಲಿ ನೋಡು!"

ಆಟೋ ಬಂದು ನಿಂತಿತು. ಅನುರಾಧಾ ನಗುತ್ತ ಇಳಿದು, ಬಟ್ಟೆಯಲ್ಲಿ ಸುತ್ತಿದ ಮಗಳನ್ನು ಅವನತ್ತ ಚಾಚಿದಳು. ಅವನ ಎರಡೂ ಕೈ ತಾವಾಗಿ ಮುಂದೆ ಹೋದವು. ಎದೆಯಲ್ಲಿ ಕೆಮ್ಮು ಏಳತೊಡಗಿತು. ಬಾಳೇಶ ತಿರುಗಿ ಓಡಿದ, ಬಚ್ಚಲಿಗೆ ನುಗ್ಗಿ ಒಳಗಿನಿಂದ ಅಗಳಿ ಹಾಕಿಕೊಂಡ.

ಹೊರಗೆ ಮಗಳು ಅಳುತ್ತಿದ್ದಳು. ಫೋನಿನಲ್ಲಿ ಕೇಳಿದ್ದಕ್ಕಿಂತ ದನಿ ಎಷ್ಟೋ ಗಟ್ಟಿಯಾಗಿತ್ತು.

ಸಿದ್ದಕ್ಕ ಬಾಗಿಲು ಬಡಿದಳು. "ಏ ಬಾಳೇಶಾ, ಹೊರಗ ಬಾರೋ! ಜಳಕಾ ಆಮ್ಯಾಲ ಮಾಡಂತಿ!"