ದಾರಿ ಬೇಡದ ಗಾಡಿ

ಮೋಟರ್ ಸೈಕಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ ಯಾವುದು ಎಂದು ನಮ್ಮ ಮಾವನನ್ನು ಕೇಳಿದರೆ ಉತ್ತರ ಥಟ್ಟನೆ ಬರುತ್ತಿತ್ತು: "ಅದರ ಮ್ಯಾಲ ಕುಂದ್ರೋ ಮನಶಾ!" ಗಾಡಿ ಎಂದೂ ಕೆಡುವುದಿಲ್ಲ, ಕೆಟ್ಟವನೇನಿದ್ದರೂ ಸವಾರನೇ ಎಂಬುದು ಅವನ ಸಿದ್ಧಾಂತ. ಇಂಥ ಮಹಾನುಭಾವ ತನ್ನ ಕೈಯಾರೆ ಹೊಸ ನಮೂನೆಯ ಮೋಟರ್ ಸೈಕಲ್ ಒಂದನ್ನು ಮಾಡಿ, ಹತ್ತಿ ಇಳಿದವರನ್ನೆಲ್ಲ ಅಡ್ಡಗಟ್ಟಿ "ಹೆಂಗೈತಿ ಗಾಡಿ?" ಎಂದು ಅಭಿಪ್ರಾಯ ಕೇಳತೊಡಗಿದರೆ ಏನಾಗಬೇಕು ಹೇಳಿ! ಕೂಡ್ಲಿಗಿಯಿಂದ ಹಡಗಲಿಯವರೆಗೆ ಆಗಬಾರದ್ದೆಲ್ಲ ಆಯಿತು.

ಇದು ಎಂಬತ್ತರ ದಶಕದ ಮಾತು. ನಾನು ಆಗಷ್ಟೇ ಕೊಟ್ಟೂರಿನ ಶಾಲೆಗೆ ಟೀಚರ್ ಆಗಿ ಬಂದಿದ್ದೆ. ಮಾವನ ಮನೆಯಲ್ಲೇ ನನ್ನ ವಾಸ. ಮಾವ ಎಂದರೆ ನಮ್ಮವ್ವನ ತಮ್ಮ. ನೇಗಿಲು, ಗೇಟು, ಪಂಪ್‌ಸೆಟ್ಟು ಬೆಸೆಯುವ ವೆಲ್ಡಿಂಗ್ ಅಂಗಡಿ ಅವನದು. ರಸ್ತೆಯ ಆಚೆ, ಸರಿಯಾಗಿ ಎದುರಿಗೆ, ಮಹಬೂಬ್ ಸಾಹೇಬರ ಮೋಟರ್ ಸೈಕಲ್ ಗ್ಯಾರೇಜು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎದುರುಬದುರು ಕೂತು ಮುಖ ನೋಡದೆ ಇರುವುದು ಎಷ್ಟು ಕಷ್ಟದ ಕೆಲಸ, ಯೋಚಿಸಿ! ಅದನ್ನೂ ಅವರು ವರ್ಷಗಟ್ಟಲೆ ಬಹಳ ಶ್ರದ್ಧೆಯಿಂದ ಮಾಡಿದರು. ಆಮೇಲೆ ಒಂದು ಬೇಸಿಗೆಯಲ್ಲಿ ಹೋದ ಕರೆಂಟು ಬರಲೇ ಇಲ್ಲ. ಮಾವನ ಹತ್ತಿರ ವೆಲ್ಡಿಂಗ್ ಯಂತ್ರವಿತ್ತು, ಕರೆಂಟಿರಲಿಲ್ಲ. ಸಾಹೇಬರ ಹತ್ತಿರ ಜನರೇಟರ್ ಇತ್ತು, ಮುರಿದ ಚೇಸಿಗಳನ್ನು ಬೆಸೆಯುವವರಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಮೇಲಿಂದ ಒಂದು ವೈರು ಎಳೆದರು, ಎರಡು ಅಂಗಡಿ ಒಂದಾದವು. ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಮಾತ್ರ ಮತ್ತೆ ಕಾದಾಟ. ಕೊನೆಗೆ ಎರಡು ಮುಖದ ಬೋರ್ಡು ಬಂತು. ಬಸ್ ಸ್ಟ್ಯಾಂಡ್ ಕಡೆಯಿಂದ ಬರುವವರಿಗೆ ಮಾವನ ಹೆಸರು ಮೊದಲು, ಸಂತೆಯ ಕಡೆಯಿಂದ ಬರುವವರಿಗೆ ಸಾಹೇಬರದು ಮೊದಲು. ಊರಿನವರು ಎರಡನ್ನೂ ಓದಲಿಲ್ಲ, "ಇಬ್ಬರ ಗ್ಯಾರೇಜು" ಎಂದು ಕರೆದು ಮುಗಿಸಿದರು.

ಇಬ್ಬರು ಕೂಡಿದ ಮೇಲೆ ಏನಾದರೂ ದೊಡ್ಡದು ಮಾಡಬೇಡವೇ? ಮಾಡಲು ಕಾರಣವೂ ಮಾವನ ಮನೆಯಲ್ಲೇ ಸಿಕ್ಕಿತು.

ನಮ್ಮ ಅತ್ತೆಯ ತವರು ಹಡಗಲಿ ಕಡೆ, ಮಾಗಳದ ಹತ್ತಿರ, ಹೊಳೆಯ ಕಡೆಗಿನ ಒಂದು ಹಳ್ಳಿ. ಬಸ್ಸು ಇಳಿದ ಮೇಲೆ ಉದ್ದಕ್ಕೂ ಎರೆ ನೆಲ. ಒಣಗಿದಾಗ ಬಿರುಕು, ನೆನೆದಾಗ ಅಂಟು. ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ನಾಗರ ಪಂಚಮಿಗೆ ಪ್ರತಿ ವರ್ಷ ಅತ್ತೆಯ ಅಣ್ಣ ಬಂಡಿ ಕಟ್ಟಿಕೊಂಡು ಬಸ್ಸಿನ ಹಾದಿಯವರೆಗೆ ಬಂದು, ಬಂಡಿಯನ್ನು ಅಲ್ಲೇ ಬಿಟ್ಟು, ಕೊಟ್ಟೂರಿಗೆ ಬಸ್ಸಿನಲ್ಲಿ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಇದ್ದವನು ಅವನೊಬ್ಬನೇ ಅಣ್ಣ. ಅವನು ತೀರಿಕೊಂಡ ಮೇಲೆ ಅತ್ತೆ ಪಂಚಮಿಗೆ ಹೋಗಲಿಲ್ಲ. ಅಲ್ಲಿ ಅತ್ತಿಗೆ ಇದ್ದಳು, ಅಣ್ಣನ ಸಣ್ಣ ಮಕ್ಕಳಿದ್ದರು, ಅವರನ್ನು ನೆನೆದು ಅತ್ತೆ ಪಂಚಮಿಯ ಸಿಹಿ ಉಂಡಿ ಕಟ್ಟುವಾಗ ಅವರ ಪಾಲಿನವನ್ನು ಬೇರೆ ಎತ್ತಿಡುತ್ತಿದ್ದಳು. "ಯಾಕ ಹೋಗಂಗಿಲ್ಲ?" ಎಂದು ಮಾವ ಕೇಳಿದರೆ ಒಂದೇ ಉತ್ತರ: "ದಾರಿ ಸರಿ ಇಲ್ಲ ಬಿಡ್ರಿ."

ಬೇರೆ ಯಾವ ಗಂಡನಾದರೂ ಏನು ಮಾಡುತ್ತಿದ್ದ? ಸುಮ್ಮನಿರುತ್ತಿದ್ದ. ಅಥವಾ ಇನ್ನೊಂದು ಸಲ ಕೇಳುತ್ತಿದ್ದ. ನಮ್ಮ ಮಾವ ಇಂಜಿನಿಯರಿಂಗ್ ತಲೆಯವನು, ಎರಡನೇ ಸಲ ಕೇಳುವ ಪೈಕಿಯವನಲ್ಲ. ದಾರಿ ಸರಿ ಇಲ್ಲವೇ? ಹಾಗಾದರೆ ದಾರಿಯೇ ಬೇಡದ ಗಾಡಿ ಮಾಡಿದರಾಯಿತು! ಮರುದಿನವೇ ಸಾಹೇಬರಿಗೆ ಹೇಳಿದ. "ಬರೋ ಪಂಚಮಿಗೆ ನಮ್ಮ ಮನಿಯಾಕಿ ತವರಮನಿ ಜೋಕಾಲಿ ಆಡಬೇಕ್ರಿ ಸಾಬ್ರ. ಅಕಿ ಆಡಲಿಲ್ಲಂದ್ರ ನಾ ಇನ್ನ ವೆಲ್ಡಿಂಗ್ ರಾಡ್ ಮುಟ್ಟಂಗಿಲ್ಲ!" ಇಡೀ ಬಜಾರು ಈ ಶಪಥವನ್ನು ಕೇಳಿಸಿಕೊಂಡಿತು.

ಗಾಡಿಯ ವರ್ಣನೆ ಕೇಳಿ. ಇಂಜಿನ್ನು ಒಂದು ಮುದಿ ಮೋಟರ್ ಸೈಕಲ್ಲಿನದು, ಚೇಸಿ ಇನ್ನೊಂದರದು. ಎರಡೂ ಬದುಕಿದ್ದಾಗ ಒಂದರ ಮುಖ ಒಂದು ಕಂಡಿರಲಿಲ್ಲ. ಎರೆ ಮಣ್ಣು ಸಿಕ್ಕಿಕೊಳ್ಳಬಾರದೆಂದು ಮಡ್‌ಗಾರ್ಡನ್ನು ಚಕ್ರದಿಂದ ಮೊಳದೆತ್ತರ ಏರಿಸಿದರು. ಟೈರಿಗೆ ಟ್ರ್ಯಾಕ್ಟರ್ ಟೈರಿನ ತುಂಡು ಕೊಯ್ದು ಬೋಲ್ಟು ಬಿಗಿದರು. ಕೂರಲು ಟ್ರ್ಯಾಕ್ಟರಿನ ಕಬ್ಬಿಣದ ಸೀಟು. ಹಳ್ಳದ ನೀರು ನುಗ್ಗಬಾರದೆಂದು ಸೈಲೆನ್ಸರ್ ಮೇಲ್ಮುಖವಾಗಿ ನಿಂತಿತು. ಹೊಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಇಬ್ಬರೂ ಯೋಚಿಸಿರಲಿಲ್ಲ. ಅದು ನೇರವಾಗಿ ಹಿಂದೆ ಕೂತವರ ಮುಖಕ್ಕೆ ಹೋಯಿತು.

ಹಿಂದೆ ಕೂತವಳು ಯಾರು ಅಂದುಕೊಂಡಿರಿ? ನಾನೇ! "ಬಾರವ್ವ, ಸಾಲಿಗೆ ಬಿಡತೀನಿ" ಎಂದು ಮಾವ ಕರೆದಾಗ ಮೋಸ ಹೋದೆ. ಶಾಲೆಯ ಮುಂದೆ ಇಳಿದಾಗ ನನ್ನ ಕ್ಲಾಸಿನ ಮಕ್ಕಳೇ ನನಗೆ ನಮಸ್ಕಾರ ಹೇಳಲಿಲ್ಲ, ಯಾರೋ ಇದ್ದಿಲು ಮಾರಲು ಬಂದಿದ್ದಾರೆ ಅಂದುಕೊಂಡವು. "ಹೆಂಗೈತಿ ಗಾಡಿ?" ಎಂದ ಮಾವ. ಕೆಮ್ಮು ಬಿಟ್ಟರೆ ನನ್ನಿಂದ ಬೇರೆ ಅಭಿಪ್ರಾಯ ಹೊರಡಲಿಲ್ಲ. "ನೀ ಉಸರು ತಗೊಳ್ಳೋ ರೀತಿನ ತಪ್ಪೈತಿ ನೋಡು" ಎಂದು ಹೇಳಿ ಹೊರಟುಹೋದ.

ಎರಡನೆಯ ಸವಾರ ದನದ ಆಸ್ಪತ್ರೆಯ ಕಂಪೌಂಡರ್. ಹಳ್ಳಿಹಳ್ಳಿ ತಿರುಗುವವನು, ಇಂಥ ಗಾಡಿ ಬೇಕಾಗಿದ್ದದ್ದೇ ಅವನಿಗೆ. ಮುಂಜಾನೆ ನಗುತ್ತ ಕೂಡ್ಲಿಗಿ ಕಡೆಗೆ ಹೋದವನು ಸಂಜೆ ಗಾಡಿಯನ್ನು ತಳ್ಳಿಕೊಂಡು, ಕಾಲು ಅಗಲಿಸಿಕೊಂಡು ಬಂದ. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಹೆಂಗೈತ್ರಿ?" ಎಂದ ಮಾವ.

"ಗಾಡಿ ಚಲೋ ಐತ್ರಿ ಮೇಸ್ತ್ರಿ. ಎತ್ತಿನ ಹೆಗಲಿಗೆ ಹಚ್ಚಾಕ ಒಯ್ದಿದ್ದ ಮುಲಾಮು ಪೂರಾ ನನಗ ಖರ್ಚಾತು ನೋಡ್ರಿ!"

"ನೀವು ಕುಂದ್ರಬಾರದಾಗಿತ್ತು," ಎಂದ ಮಾವ ಗಂಭೀರವಾಗಿ. "ಎರೆ ಹೊಲದಾಗ ನಿಂತು ಓಡಸಬೇಕು."

ಮೂರನೆಯವನು ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಕುರಿಯವನು. ಮೇಯಲು ಬಿಟ್ಟ ಕುರಿಗಳ ಹಿಂದೆ ನಡೆದು ನಡೆದು ಅವನ ಕಾಲು ಸೋತಿದ್ದವು. ಗಾಡಿ ಒಯ್ದವನು ವಾರವಾದರೂ ಪತ್ತೆ ಇಲ್ಲ. ಆಮೇಲೆ ಗಾಡಿ ತಳ್ಳಿಕೊಂಡು ಒಬ್ಬನೇ ಬಂದ, ಕಂಬಳಿಯೂ ಇಲ್ಲ, ಕುರಿಯೂ ಇಲ್ಲ.

"ಕುರಿ ಹಿಂದ ಹೋಗಾಕ ಅಂತ ಒಯ್ದೆ ಯಪ್ಪಾ. ಒಂದ ಸಲ ಕಿಕ್ ಹೊಡದೆ ನೋಡು, ಕುರಿ ಹೊಂಟುವು! ಚಿಗಟೇರಿ ದಾಟ್ಯಾವ ಅಂತ ಸುದ್ದಿ ಐತಿ. ಇನ್ನಾ ನಿಂತಿಲ್ಲಂತ."

"ಅಂದ್ರ ಗಾಡಿ ಸದ್ದು ಜೋರೈತಿ ಅಂದಂಗಾತು," ಎಂದು ಮಾವ ಹೆಮ್ಮೆಯಿಂದ ಸಾಹೇಬರ ಕಡೆ ನೋಡಿದ.

ನಾಲ್ಕನೆಯವರು ಹರಪನಹಳ್ಳಿಯ ಶೇಂಗಾ ವ್ಯಾಪಾರಿ. ದೊಡ್ಡ ಮನುಷ್ಯರು, ಬಿಳಿ ಧೋತ್ರ. ಹಿಡಿಸಿದರೆ ಕೊಂಡೇಬಿಡುತ್ತೇನೆ ಎಂದು ಬಂದಿದ್ದರು. ಹತ್ತಿದರು, ಹೊರಟರು, ಬಸ್ ಸ್ಟ್ಯಾಂಡ್ ಸುತ್ತಿದರು. ಮತ್ತೆ ಸುತ್ತಿದರು. ಮೊದಮೊದಲು ಅವರಿಗೆ ಗಾಡಿ ಬಹಳ ಹಿಡಿಸಿದೆ ಎಂದು ನಾವೆಲ್ಲ ಖುಷಿಪಟ್ಟೆವು. ಪ್ರತಿ ಸುತ್ತಿಗೂ ನಮ್ಮ ಮುಂದೆ ಬಂದಾಗ ಏನೋ ಕೂಗುತ್ತಿದ್ದರು, ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಪೆಟ್ರೋಲ್ ಮುಗಿದ ಮೇಲೆ ಗೊತ್ತಾಯಿತು, ಅವರು "ಬ್ರೇಕ್! ಬ್ರೇಕ್!" ಎನ್ನುತ್ತಿದ್ದರು. ಇಳಿದು ಧೋತ್ರ ಕೊಡವಿಕೊಂಡು, "ನಿಂದ್ರೋ ಗಾಡಿ ಮಾಡಿದಾಗ ಹೇಳಿ ಕಳಸ್ರಿ" ಎಂದು ಹರಪನಹಳ್ಳಿ ಬಸ್ಸು ಹತ್ತಿದರು.

ಇಂಥ ಸಂದರ್ಭದಲ್ಲಿ ಕೂಡಿಕೊಂಡ ಕಂಪನಿಯವರ ಒಗ್ಗಟ್ಟು ನೋಡಬೇಕಿತ್ತು! ಸವಾರ ಹೊಗಳಿದರೆ ಹೊಗಳಿದ ಭಾಗ ಇಬ್ಬರದೂ. ತೆಗಳಿದರೆ, ಅದು ಇಂಜಿನ್ನಿನ ತಪ್ಪಾದ್ದರಿಂದ ಸಾಹೇಬರದು ಎಂದು ಮಾವ, ಬೆಸುಗೆಯ ತಪ್ಪಾದ್ದರಿಂದ ಮಾವನದು ಎಂದು ಸಾಹೇಬರು.

"ಬ್ರೇಕ್ ನಿಮ್ಮ ಖಾತೆ ಸಾಬ್ರ."

"ಬ್ರೇಕ್ ನಂದು, ಖರೆ. ಅದರ ಪೆಡಲ್ ತಿರುವುಮುರುವು ಬೆಸದವ್ರು ಯಾರು ಮೇಸ್ತ್ರಿ?"

ಇಷ್ಟಾಗಿ, ಚಹಾ ಬರುವ ಹೊತ್ತಿಗೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದಿರುತ್ತಿದ್ದರು: ಬಿದ್ದವನದೇ ತಪ್ಪು. ಅತ್ತೆ ಇಬ್ಬರಿಗೂ ಚಹಾ ಕೊಟ್ಟು, ಗಾಡಿಯನ್ನೊಮ್ಮೆ ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದಳು. ಅವಳೊಬ್ಬಳ ಅಭಿಪ್ರಾಯಕ್ಕಾಗಿ ಮಾವ ಎಲ್ಲರ ಬೈಗುಳವನ್ನೂ ನುಂಗಿಕೊಂಡಿದ್ದ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು.

ಪಂಚಮಿ ಬಂತು. ಬ್ರೇಕು ಸರಿಯಾಯಿತು, ಸೈಲೆನ್ಸರ್ ಪಕ್ಕಕ್ಕೆ ತಿರುಗಿತು, ಹಿಂದಿನ ಸೀಟಿಗೆ ಅತ್ತೆಯ ಹಳೆಯ ಕೌದಿ ಮಡಿಸಿ ಕಟ್ಟಿದ್ದಾಯಿತು. ಜಿಟಿಜಿಟಿ ಮಳೆ ಬೇರೆ ಹಿಡಿದಿತ್ತು. ಮಾವನಿಗಂತೂ ಹಿಗ್ಗು, ಕೆಸರಿಲ್ಲದಿದ್ದರೆ ಗಾಡಿಯ ಮಹಿಮೆ ಕಾಣುವುದು ಹೇಗೆ? ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹ್ಯಾಂಡಲ್ಲಿಗೆ ಚೆಂಡುಹೂ ಕಟ್ಟಿ, ಇಸ್ತ್ರಿ ಅಂಗಿ ಹಾಕಿ, ಬಾಗಿಲಲ್ಲಿ ನಿಂತು ಕೂಗಿದ: "ಬಾ ಇನ್ನ! ಹೊತ್ತಾತು!"

ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. "ನಾ ಬರಂಗಿಲ್ರಿ."

"ದಾರಿ ಸರಿ ಇಲ್ಲ ಅಂದಿದ್ದಿ. ದಾರಿನ ಬ್ಯಾಡ ಅನ್ನೋ ಗಾಡಿ ಮಾಡೇನಿ!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಾರಿ ಯಾರಿಗೆ ಬೇಕಾಗಿತ್ರಿ? ಪಂಚಮಿಗೆ ಅಣ್ಣ ಬಂದು ಕರಿಬೇಕು. ಗಂಡನ ಹಿಂದ ಕುಂತು ಹೋದ್ರ, ಕರಿಯೋರಿಲ್ಲ, ತಾನಾ ಬಂದಾಳ ಅಂತಾರ ಮಂದಿ. ನನಗ ಕರಿಯೋರು ಯಾರದಾರ ಹೇಳ್ರಿ?"

 ನಮ್ಮ ಮಾವ ಇಷ್ಟು ದಿನ ಬೆಸೆದದ್ದು, ಕೊಯ್ದದ್ದು, ಬಿಗಿದದ್ದು, ಎಲ್ಲವೂ ಬೇರೆಯೇ ಯಾವುದೋ ರೋಗಕ್ಕೆ ಮದ್ದು! ಅವನು ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಬಂದು, ಚೆಂಡುಹೂ ಸರಿಪಡಿಸುವವನಂತೆ ಆ ಕಡೆ ಮುಖ ಮಾಡಿ ನಿಂತ. ಮನೆ ಮುಂದಿನ ಕಟ್ಟೆಯ ಮೇಲೆ ನಟ್ಟು ಬಿಗಿಯುವ ಪಾನಾ ಹಿಡಿದು ಕೂತಿದ್ದ ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪಾನಾ ಕೆಳಗಿಟ್ಟು, ಎದ್ದು ಹೋದರು. ಕಂಪನಿ ಮುರಿಯಿತು ಎಂದುಕೊಂಡೆ ನಾನು.

ಸ್ವಲ್ಪ ಹೊತ್ತಿಗೆ ಬಂದರು. ಸ್ನಾನ ಮಾಡಿದ್ದರು. ಹಬ್ಬಕ್ಕೆ ತೊಡುವ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಉಗುರಿನಲ್ಲಿ ಮಾತ್ರ ಅದೇ ಕರಿ ಆಯಿಲ್. ಕೈಯಲ್ಲಿ ಕೊಬ್ಬರಿ ಬಟ್ಟಲು, ಹೂವು, ಹಸಿರು ಕುಪ್ಪಸದ ಖಣ. ದಿನಾ ಸೀದಾ ಕಟ್ಟೆಗೆ ಬಂದು ಕೂರುವವರು ಅಂದು ಹೊಸ ಬೀಗರಂತೆ ಹೊಸ್ತಿಲ ಹೊರಗೇ ನಿಂತರು.

"ತಂಗೆವ್ವಾ," ಎಂದರು. "ಪಂಚಮಿಗೆ ಕರಿಯಾಕ ಬಂದೀನವ್ವ. ನಡಿ."

ಅತ್ತೆ ನಡುಮನೆಯಲ್ಲಿ ನಿಂತುಬಿಟ್ಟಳು. ಆಮೇಲೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಹೊಸ್ತಿಲಲ್ಲಿ ಇಟ್ಟಳು. "ಕಾಲು ತೊಳಕೊಂಡು ಒಳಗ ಬಾ ಅಣ್ಣ," ಎಂದಳು. ಅಲ್ಲಿಯವರೆಗೆ "ಸಾಬ್ರ" ಎಂದು ಬಹುವಚನದಲ್ಲಿ ಕರೆಯುತ್ತಿದ್ದವಳು ಅವತ್ತು ಬಹುವಚನ ಬಿಟ್ಟಳು. ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ, ಈ ಸಲ ಹೊಗೆಯ ತಪ್ಪೇನೂ ಇರಲಿಲ್ಲ.

ಊಟವಾಯಿತು. ಉಂಡಿಯ ಗಂಟು ಕ್ಯಾರಿಯರ್ ಏರಿತು. ಅಣ್ಣ ತಂಗಿ ಹೊರಟರು. ಗಾಡಿ ಮಾಡಿದವನಿಗೇ ಗಾಡಿಯ ಮೇಲೆ ಜಾಗವಿಲ್ಲ! "ಸಾಬ್ರ, ಕ್ಲಚ್ ಹಗೂರಕ ಬಿಡ್ರಿ! ಎರೆ ಬಂದ ಕೂಡ್ಲೆ ನಿಂತು ಓಡಸ್ರಿ!" ಎಂದು ಮಾವ ಓಣಿಯ ತುದಿಯವರೆಗೆ ಹಿಂದೆಯೇ ಓಡಿದ.

ಹಬ್ಬವೆಲ್ಲ ನಾವಿಬ್ಬರೇ ಮನೆಯಲ್ಲಿ. ಮಾವ ನಾನು ಮಾಡಿದ ರೊಟ್ಟಿಯನ್ನು ತಪ್ಪು ಹುಡುಕದೆ ತಿಂದ ಎಂದರೆ ಅವನ ಮನಸ್ಸು ಎಲ್ಲಿತ್ತು ಎಂದು ಊಹಿಸಿಕೊಳ್ಳಿ. ಹಡಗಲಿಯಿಂದ ಬಸ್ಸು ಬಂದಾಗಲೆಲ್ಲ ಹೋಗಿ ಇಳಿದವರನ್ನು ಕೇಳುತ್ತಿದ್ದ: "ಒಂದು ಹೊಸ ನಮೂನಿ ಮೋಟರ್ ಸೈಕಲ್ ನೋಡಿದ್ರೇನ್ರಿ?" ಒಬ್ಬ ಪುಣ್ಯಾತ್ಮ ತಲೆ ಕೆರೆದುಕೊಂಡು ಹೇಳಿದ, "ಮೋಟರ್ ಸೈಕಲ್ ಕಾಣಲಿಲ್ರಿ. ಚೆಂಡುಹೂ ಕಟ್ಟಿದ ಒಂದು ಹ್ಯಾಂಡಲ್ ಎರೆ ಹೊಲದಾಗ ನಿಂತಿತ್ತು ನೋಡ್ರಿ."

ಹಬ್ಬ ಮುಗಿದ ಮೇಲೆ, ನಾವು ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದಾಗ ಅವರಿಬ್ಬರೂ ಬಂದರು, ಬಸ್ಸಿನಲ್ಲಿ! ಸಾಹೇಬರ ಬಿಳಿ ಅಂಗಿ ಎಷ್ಟು ಒಗೆದರೂ ಎರೆಯ ಬಣ್ಣ ಬಿಟ್ಟಿರಲಿಲ್ಲ. ಬಸ್ಸಿನ ಹಾದಿ ಬಿಟ್ಟು ಹೊಲಕ್ಕಿಳಿದದ್ದೇ ಗಾಡಿ ಹೂತುಹೋಗಿತ್ತಂತೆ. ಅಲ್ಲಿಂದ ಊರವರೆಗೂ ಮೊಣಕಾಲು ಕೆಸರಿನಲ್ಲಿ ನಡೆದೇ ಹೋದರಂತೆ, ಉಂಡಿಯ ಗಂಟು ಸಾಹೇಬರ ತಲೆಯ ಮೇಲೆ, ಚಪ್ಪಲಿ ಅತ್ತೆಯ ಕೈಯಲ್ಲಿ. ಊರ ಬಾಗಿಲಲ್ಲಿ ಯಾರೋ "ಯಾರು ಬಂದಾರ?" ಎಂದದ್ದಕ್ಕೆ ಅತ್ತೆ ಎಲ್ಲರಿಗೂ ಕೇಳಿಸುವಂತೆ, "ಅಣ್ಣ ಕರಕೊಂಡು ಬಂದಾನ" ಎಂದಳಂತೆ. ಜೋಕಾಲಿಯನ್ನು ಸಾಹೇಬರೇ ಬೇವಿನ ಮರಕ್ಕೆ ಕಟ್ಟಿಕೊಟ್ಟರಂತೆ. ಗಾಡಿಯನ್ನು ಎತ್ತು ಕಟ್ಟಿ ಎಳೆದಿದ್ದರಿಂದ ಅದು ಹೊರಬರುವಾಗ ಮುರಿದು ಎರಡು ಗಾಡಿಯಾಗಿತ್ತು, ಹಿಂದಿನಿಂದ ಲಾರಿಯಲ್ಲಿ ಬರಲಿದೆ ಎಂದು ಸಾಹೇಬರು ತಲೆ ತಗ್ಗಿಸಿ ವರದಿ ಒಪ್ಪಿಸಿದರು.

ಮಾವ ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ಅತ್ತೆಯನ್ನೇ ನೋಡುತ್ತಿದ್ದ. ಅತ್ತೆ ಹಸಿರು ಕುಪ್ಪಸ ಹೊಲಿಸಿ ತೊಟ್ಟಿದ್ದಳು.

"ಹೆಂಗೈತಿ ಗಾಡಿ?" ಎಂದ ಮೆಲ್ಲಗೆ.

"ಗಾಡಿ ಸುದ್ದಿ ತಗೀಬ್ಯಾಡ್ರಿ, ಕೈ ಮುಗೀತೀನಿ," ಎಂದಳು ಅತ್ತೆ. ನಕ್ಕಳು. "ದಾರಿ ಮಾತ್ರ ಭಾಳ ಚಲೋ ಐತ್ರಿ."

ಮಾವ ಸಾಹೇಬರ ಕಡೆ ತಿರುಗಿದ. ಅವರು ಬೈಗುಳಕ್ಕೆ ತಯಾರಾಗಿ ನಿಂತಿದ್ದರು. ಆದರೆ ಅವನು ಮೊದಲ ಸಲ ಸವಾರನ ಮೇಲೆ ತಪ್ಪು ಹೊರಿಸಲಿಲ್ಲ. ಅವರ ಕೈಯಲ್ಲಿದ್ದ ಗಂಟು ಇಸಿದುಕೊಂಡು, "ನಡೀರಿ ಭಾವ, ಮನಿಗೆ," ಎಂದ.