ಎರಡೂವರೆ ಎಂಎಲ್ ಕಬ್ಬಿಣ

ಚಿಕ್ಕ ಮಗು ಇರೋ ಮನೆಗೆ ಔಷಧಿ ಬಾಟಲಿ ಒಂದು ಬಂತು ಅಂದ್ರೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನಮ್ಮನೆಯಲ್ಲಂತೂ ಕೆಲವು ದಿನ ಎರಡೆರಡು ನಡೆದಿದ್ದುಂಟು.

ನಾನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮಾಲು ವಿಂಗಡಿಸಿ ವಿಂಗಡಿಸಿ ತಲೆ ನರೆಸಿಕೊಂಡವನು. ಕ್ರೇಟಿನ ಮೇಲೆ ಬಂಗಾರದಂಥ ಹಣ್ಣು ಕಂಡರೆ ನನ್ನ ಕೈ ತಾನಾಗೇ ತಳಕ್ಕೆ ಹೋಗುತ್ತೆ, ಅಡಿಯಲ್ಲಿ ಏನು ಕೊಳೆತದ್ದು ಇಟ್ಟಿದ್ದಾರೋ ಅಂತ. ಈ ಅನುಮಾನದ ಬುದ್ಧಿ ಮಗನಿಗೆ ಬರಲಿಲ್ಲ. ನೇರ ಮೊಮ್ಮಗಳಿಗೆ ಬಂತು.

ಅವಳಿಗೆ ಆಗ ಎರಡು ಮುಕ್ಕಾಲು ವರ್ಷ. ಮಗ, ಸೊಸೆ ಇಬ್ಬರೂ ಸ್ಕೂಲ್ ಮೇಷ್ಟ್ರು. ಬೆಳಗ್ಗೆ ಹೋದರೆ ಸಂಜೆವರೆಗೆ ಮಗು ನನ್ನ ಮತ್ತು ನನ್ನ ಹೆಂಡತಿಯ ಪಾಲು. ಮಗು ಬಿಳಚಿಕೊಂಡಿತು, ಗೋಡೆ ಮಣ್ಣು ಕೆರೆದು ತಿನ್ನೋಕೆ ಶುರು ಮಾಡಿತು. ಡಾಕ್ಟರು ಕಣ್ಣು ಎಳೆದು ನೋಡಿ, "ರಕ್ತ ಬಹಳ ಕಮ್ಮಿ ಇದೆ. ದಿನಾ ಎರಡೂವರೆ ಎಂಎಲ್ ಕಬ್ಬಿಣದ ಸಿರಪ್ಪು, ಮೂರು ತಿಂಗಳು. ತಪ್ಪಿಸಬೇಡಿ" ಅಂದರು. ಸೊಸೆ ಬಾಟಲಿ ನನ್ನ ಕೈಗೆ ಕೊಟ್ಟು, "ಮಾವ, ಹನ್ನೊಂದು ಗಂಟೆಗೆ. ಹಾಲಿನ ಜೊತೆ ಬೇಡ" ಅಂತ ಹೇಳಿ ಸ್ಕೂಲಿಗೆ ಹೋದಳು. ಇಷ್ಟು ಸುಲಭದ ಕೆಲಸ ಅಂದುಕೊಂಡೆ.

ತಾತ ಮೊದಲು

ಮೊದಲ ದಿನ ಸಿರಪ್ಪನ್ನ ಅಳತೆ ಮುಚ್ಚಳಕ್ಕೆ ಬಗ್ಗಿಸಿ, "ಚಾಕಲೇಟು ಪುಟ್ಟಾ, ಬಾಯಿ ತೆಗಿ" ಅಂದೆ. ಅವಳು ಬಾಯಿ ತರಲಿಲ್ಲ, ಮೂಗು ತಂದಳು. ಮೂಸಿದಳು. ನನ್ನ ಮುಖ ನೋಡಿದಳು.

"ತಾತ ಕುಡಿ."

ಕುಡಿದೆ. ಹಳೇ ಬಾವಿಯ ರಾಟೆ ನೆಕ್ಕಿದ ಹಾಗಿತ್ತು. ಆದರೂ ಮುಖ ಅರಳಿಸಿ, "ಆಹಾ!" ಅಂದೆ.

"ಇನ್ನೊಂದ್ ಕುಡಿ."

ಮೂರನೇದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅವಳು, "ತಾತಂಗೆ ಇಷ್ಟ. ತಾತಂಗೇ ಇರ್ಲಿ" ಅಂತ ಎದ್ದು ಹೋದಳು.

ಒಂದು ವಾರ ಹೀಗೇ. ಅವಳಿಗೆ ಒಂದು ಹನಿ ಇಳಿದರೆ ನನಗೆ ಮೂರು ಮುಚ್ಚಳ. ಎಂಟನೇ ದಿನ ಬೆಳಗ್ಗೆ ಕಕ್ಕಸಿನಿಂದ ಬೆವರುತ್ತಾ ಹೊರಗೆ ಬಂದೆ. ಹೋಗಿದ್ದು ಟಾರಿನಷ್ಟು ಕಪ್ಪು! ಹೊಟ್ಟೆಯೊಳಗೆ ರಕ್ತ ಸೋರಿದರೆ ಹಿಂಗಾಗುತ್ತೆ ಅಂತ ಮಂಡಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ನನ್ನ ಕಥೆ ಮುಗೀತು ಅಂದುಕೊಂಡು, ಹೆಂಡತಿಗೂ ಹೇಳದೆ ಅದೇ ಡಾಕ್ಟರ ಹತ್ತಿರ ಓಡಿದೆ.

"ಏನಾದ್ರೂ ಔಷಧಿ ತಗೋತಿದ್ದೀರಾ?"

"ಏನೂ ಇಲ್ಲ ಸಾರ್."

"ಸರಿಯಾಗಿ ಜ್ಞಾಪಿಸ್ಕೊಳ್ಳಿ."

"ಇಲ್ಲ ಸಾರ್... ಮೊಮ್ಮಗಳದ್ದು ಸ್ವಲ್ಪ..."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಬ್ಬಿಣ ಕುಡಿದ್ರೆ ಕಪ್ಪಗೇ ಹೋಗುತ್ತೆ, ಭಯ ಬೇಡ. ಮಗೂಗೆ ಹೇಗೆ ಹೋಗ್ತಿದೆ?"

"ಹಳದಿ ಸಾರ್."

"ಹಾಗಾದ್ರೆ, ಮೂರು ತಿಂಗಳಾದ ಮೇಲೆ ನಾನು ಯಾರ ರಕ್ತ ಟೆಸ್ಟ್ ಮಾಡಿಸ್ಲಿ?"

ಲೋಟದ ತಳ

ಆಮೇಲೆ ನನ್ನ ಹೆಂಡತಿ ಕೈಹಾಕಿದಳು. "ನಿಮಗೆ ಉಪಾಯ ಬರಲ್ಲ, ಸುಮ್ನೆ ಕೂತು ನೋಡಿ" ಅಂತ ಬಾದಾಮಿ ಮಾವಿನ ರಸ ಹಿಂಡಿ, ಅದರೊಳಗೆ ಸಿರಪ್ ಬಿಟ್ಟು, ಮೇಲೆ ಸಕ್ಕರೆ ಉದುರಿಸಿ ಕೊಟ್ಟಳು. ಮಗು ಒಂದು ಗುಟುಕು ಕುಡಿದು ನಿಂತಿತು. ನಾಲಿಗೆ ಚಪ್ಪರಿಸಿತು. ಆಮೇಲೆ ಲೋಟಕ್ಕೆ ಪೂರ್ತಿ ಕೈ ಇಳಿಸಿ, ತಳ ಸವರಿ, ಕಂದು ಬಣ್ಣದ ಬೆರಳು ಎತ್ತಿ ನನಗೆ ತೋರಿಸಿತು.

"ತಾತ, ಕೆಳಗೆ!"

ಸತ್ಯ ಹೇಳ್ತೀನಿ, ನನಗೆ ಹೆಮ್ಮೆಯಾಯಿತು. ಆದರೆ ಮಾರನೇ ದಿನದಿಂದ ಅವಳು ಮಾವಿನಹಣ್ಣೇ ಮುಟ್ಟಲಿಲ್ಲ. ಹೆಚ್ಚಿ ಕೊಟ್ಟರೂ ಬೇಡ, ಇಡೀ ಹಣ್ಣು ಕೊಟ್ಟರೂ ಬೇಡ. ಶ್ರೀನಿವಾಸಪುರದಲ್ಲಿ ಹುಟ್ಟಿದ ಮಗು, ಸೀಸನ್ನಲ್ಲಿ ಮಾವು ಬೇಡ ಅನ್ನೋದಾ! ಬೀದಿಯವರೆಲ್ಲ ಬಂದು ನೋಡಿದರು. ಒಬ್ಬರು ದೃಷ್ಟಿ ಅಂದರು, ಒಬ್ಬರು ಕಾಮಾಲೆ ಅಂದರು. ಎದುರು ಮನೆಯಾಕೆ ಮಾತ್ರ ಮಗುವನ್ನ ಬಿಟ್ಟು ನನ್ನನ್ನೇ ನೋಡುತ್ತಾ, "ಪೌಡರ್ ಹಾಕಿ ಹಣ್ಣು ಮಾಡಿದ್ದು ಮಕ್ಕಳಿಗೆ ಬೇಗ ಗೊತ್ತಾಗುತ್ತಂತೆ" ಅಂದಳು.

ಅವತ್ತಿಂದ ನಾನು ಯಾರಿಗಾದರೂ ಹಣ್ಣು ಕೊಟ್ಟರೆ, ಅವರು ಮೊದಲು ನನ್ನ ಮೊಮ್ಮಗಳಿಗೆ ತೋರಿಸುತ್ತಾರೆ.

ಗೊಂಬೆಗೆ ರಕ್ತ ಕಮ್ಮಿ

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯೋ ಒಬ್ಬರು ಬೀಬಿ ಇದ್ದಾರೆ. ಮನೆಯೊಳಗೆ ಉರ್ದು, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತೆಲುಗು. ನಮ್ಮ ಪಾಡು ನೋಡಲಾರದೆ ಚಿಂದಿ ಬಟ್ಟೆಯಲ್ಲಿ ಒಂದು ಗೊಂಬೆ ಹೊಲಿದು ತಂದರು.

"ಭಾಯ್, ಬಚ್ಚೀಗೆ ಕುಡಿಸ್ಬೇಡಿ. ಬಚ್ಚೀ ಕೈಲಿ ಗುಡಿಯಾಗೆ ಕುಡಿಸಿ. ಆಮೇಲೆ ತಾನೇ ಕುಡೀತದೆ. ನಮ್ ನಾಲ್ಕಕ್ಕೂ ಹಂಗೇ ಮಾಡಿದ್ದು."

ಮಗು ಗೊಂಬೆಯನ್ನ ತೊಡೆ ಮೇಲೆ ಮಲಗಿಸಿಕೊಂಡಿತು. ನಾವು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಅದು ಗೊಂಬೆಯ ಮೂಗು ಒತ್ತಿ ಹಿಡಿದು, ಥೇಟ್ ಅಜ್ಜಿಯ ದನಿಯಲ್ಲಿ ಶುರು ಮಾಡಿತು.

"ಬಾಯಿ ತೆಗಿ ಕಣೇ. ಚಾಕಲೇಟು. ದೇವ್ರಾಣೆ ಚಾಕಲೇಟು."

ಆಮೇಲೆ ನನ್ನ ದನಿ. "ಪೊಲೀಸ್ ಬರ್ತಾನೆ ನೋಡು."

ಆಮೇಲೆ ಅವರಮ್ಮನ ದನಿ. "ಕುಡಿದ್ರೆ ಆನೆ ತೋರಿಸ್ತೀನಿ."

ಬೀಬಿ ನಮ್ಮಿಬ್ಬರನ್ನೂ ಒಂದು ಥರಾ ನೋಡಿದರು. ನಾನು ಸೂರು ನೋಡಿದೆ. ಅಷ್ಟರಲ್ಲಿ ಮಗು ಗೊಂಬೆಯ ಬಾಯಿಗೆ ಕಿವಿ ಇಟ್ಟು ಕೇಳಿಸಿಕೊಂಡು, ಬೀಬಿಗೆ ವರದಿ ಒಪ್ಪಿಸಿತು: "ಗೊಂಬೆ ಬೇಡ ಅಂತು. ಇವ್ರೆಲ್ಲಾ ಸುಳ್ಳು ಅಂತು."

ಬೀಬಿ ಎದ್ದು ಸೆರಗು ಸರಿ ಮಾಡಿಕೊಂಡರು. "ಭಾಯ್, ಗುಡಿಯಾ ಹುಷಾರಾಗೈತೆ. ಬೇರೆ ಏನಾದ್ರೂ ನೋಡಿ."

ರಾಗಿ ಡಬ್ಬಿಯ ಕಾವಲು

ನಡುವೆ ನಾಲ್ಕು ದಿನ ಮಗುವನ್ನ ಕರೆದುಕೊಂಡು ರಾಯಲ್ಪಾಡಿಗೆ, ನಮ್ಮ ಅತ್ತೆಯ ಮನೆಗೆ ಹೋದೆವು. ಮುದುಕಿಗೆ ತೆಲುಗು ಬಿಟ್ಟು ಬೇರೆ ಬರಲ್ಲ. ಬಾಟಲಿ ನೋಡಿ, "ಏಂದಿದಿ?" ಅಂದಿತು.

ನನ್ನ ಹೆಂಡತಿ, "ಇನುಪ ಮಂದಮ್ಮಾ" ಅಂತ ಕಬ್ಬಿಣದ ಔಷಧಿಯ ವಿಷಯ ತಿಳಿಸಿದಳು.

"ಇನುಮಾ? ಬಿಡ್ಡಕಾ?" ಮುದುಕಿ ಎದೆ ಹೊಡೆದುಕೊಂಡಿತು. ಮಗುವಿಗೆ ಕಬ್ಬಿಣ ಕುಡಿಸೋ ತಾತನನ್ನ ಈ ಭೂಮಿ ಮೇಲೆ ಕಂಡಿಲ್ಲ ಅಂತ ಬೈದು, ಬಾಟಲಿ ಕಿತ್ತುಕೊಂಡು ಎಲ್ಲೋ ಬಚ್ಚಿಟ್ಟಿತು. ಸಂಜೆ ಕೇಳಿದರೆ ಎಲ್ಲಿಟ್ಟೆ ಅನ್ನೋದೇ ಮರೆತಿತ್ತು!

ಎರಡು ದಿನ ಮನೆಯೆಲ್ಲ ಹುಡುಕಿದೆವು. ಔಷಧಿ ತಪ್ಪಿಹೋಗ್ತಿದೆ, ಫೋನಲ್ಲಿ ಸೊಸೆಗೆ ಏನು ಹೇಳೋದು ಅಂತ ನನಗೆ ನಿದ್ದೆ ಇಲ್ಲ. ಮೂರನೇ ದಿನ ಗಮನಿಸಿದೆ: ಮಗು ಆಗಾಗ ಅಡುಗೆಮನೆಗೆ ಹೋಗೋದು, ರಾಗಿ ಡಬ್ಬಿಯ ಮುಚ್ಚಳ ಒತ್ತಿ ನೋಡೋದು, ಬರೋದು. ಒಂದು ಸಲ ಮಣೆ ಎಳೆದು ತಂದು ಡಬ್ಬಿಗೆ ಅಡ್ಡ ಇಟ್ಟಿತು.

ಡಬ್ಬಿಯೊಳಗೆ ಕೈ ಹಾಕಿದೆ, ರಾಗಿಯ ಅಡಿಯಲ್ಲಿ ಬಾಟಲಿ. ಕಳ್ಳರು ಬಚ್ಚಿಟ್ಟದ್ದನ್ನ ಕಾವಲುಗಾರರೇ ತೋರಿಸಿಕೊಟ್ಟಿದ್ದು ಅದೇ ಮೊದಲು.

ಕೋಲಾರದ ಬಸ್ಸು

ಅಂತೂ ಬೈದು, ಬೇಡಿ, ಮೂರು ತಿಂಗಳ ಕೊನೇ ದಿನಕ್ಕೆ ಬಂದು ಮುಟ್ಟಿದೆವು. ರಕ್ತದ ಟೆಸ್ಟಿಗೆ ಕೋಲಾರಕ್ಕೆ ಹೋಗಬೇಕಿತ್ತು. ಸೊಸೆಗೆ ಅಲ್ಲೇ ಟ್ರೈನಿಂಗು. ನಾನು ಮಗುವನ್ನ ಬಸ್ಸಲ್ಲಿ ಕರೆತರೋದು ಅಂತ ಮಾತಾಯಿತು. ಸಿರಪ್ ಬಾಟಲಿ ಕಂಡರೆ ಮಗು ಊರಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ ಅಂತ, ಒಂದು ಹೊತ್ತಿನದನ್ನ ಪುಟ್ಟ ಪನ್ನೀರಿನ ಬಾಟಲಿಗೆ ತುಂಬಿಕೊಂಡೆ.

ಹೋಳೂರು ದಾಟುವಾಗ ಹನ್ನೊಂದಾಯಿತು. ಮೆಲ್ಲಗೆ ಮುಚ್ಚಳ ತಿರುಗಿಸಿದೆ. ವಾಸನೆ ಬಡಿದದ್ದೇ, "ಬೇಡಾ! ಬಿಡೂ! ಕುಡಿಯಲ್ಲಾ!" ಅಂತ ಕಿರುಚಿತು.

ಮುಂದಿನ ಸೀಟಿನ ಹೆಂಗಸು ತಿರುಗಿದಳು. "ಏನ್ರೀ ಅದು? ಮಗೂಗೆ ಏನ್ ಕುಡಿಸ್ತಿದ್ದೀರಾ?"

"ಔಷಧಿ ಕಣಮ್ಮ."

"ಪನ್ನೀರ್ ಬಾಟ್ಲಲ್ಲಿ ಔಷಧೀನಾ?"

ಹಿಂದಿನಿಂದ ಒಂದು ದನಿ: "ಮಕ್ಕಳನ್ನ ಮಂಕು ಮಾಡಿ ಎತ್ಕೊಂಡ್ ಹೋಗೋರು ಹಿಂಗೇ ಅಂತೆ. ಮೊಬೈಲಲ್ಲಿ ಬಂದಿತ್ತು."

ಇಡೀ ಬಸ್ಸು ನನ್ನ ಸುತ್ತ. ಸೊಸೆಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅಷ್ಟರಲ್ಲಿ ಲೇಡಿ ಕಂಡಕ್ಟರ್ ಜನರನ್ನ ಸರಿಸಿಕೊಂಡು ಬಂದಳು. "ಮಗು ಯಾರ್ದು?"

"ನನ್ ಮೊಮ್ಮಗಳು."

"ನೀವು ಸುಮ್ನಿರಿ, ಮಗು ಹೇಳ್ಲಿ. ಪುಟ್ಟಾ, ಇವ್ರು ಯಾರು?"

ಮೊಮ್ಮಗಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಬಾಟಲಿ ನೋಡಿದಳು. ಮತ್ತೆ ಮುಖ ನೋಡಿದಳು.

"ಗೊತ್ತಿಲ್ಲ."

ಡ್ರೈವರು ಗಾಡಿ ಪಕ್ಕಕ್ಕೆ ನಿಲ್ಲಿಸೇಬಿಟ್ಟ. "ಸ್ಟೇಷನ್ನಿಗೆ ಬಿಡಿ" ಅಂತ ಯಾರೋ ಕೂಗಿದರು. ಕಂಡಕ್ಟರ್ ಬಾಟಲಿ ಕಿತ್ತುಕೊಂಡು ಮೂಸಿದಳು. ಮುಖ ಸಡಿಲವಾಯಿತು.

"ಅಯ್ಯೋ, ಕಬ್ಬಿಣದ ಸಿರಪ್ ಅಲ್ವಾ! ನಮ್ಮನೆ ಗೋಡೆ, ದಿಂಬು ಎಲ್ಲಾ ಇದೇ ವಾಸನೆ. ನಮ್ದೂ ಒಂದು ಹಿಂಗೇ ಇದೆ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಕೊರಳಿನ ಸೀಟಿ ತೋರಿಸಿ, "ಕುಡಿದ್ರೆ ಊದ್ಬಹುದು" ಅಂದಳು. ಮಗು ಮೊದಲು ಸೀಟಿಯನ್ನ ಮೂಸಿ ನೋಡಿ, ಆಮೇಲೆ ಅವಳ ಕೈಯಿಂದ ಒಂದೇ ಗುಟುಕಿಗೆ ಕುಡಿದು, ಜೋರಾಗಿ ಊದಿತು. ಡ್ರೈವರು ರೈಟ್ ಅಂತ ತಿಳಿದು ಬಸ್ಸು ಬಿಟ್ಟ.

ಕಂಡಕ್ಟರ್ ಮಗುವಿನ ಬಾಯಿ ಒರೆಸಿ ಕೇಳಿದಳು. "ಈಗ ಹೇಳು, ಇವ್ರು ಯಾರು?"

"ನಮ್ ತಾತ."

"ಮತ್ತೆ ಆಗ ಯಾಕೆ ಗೊತ್ತಿಲ್ಲ ಅಂದೆ?"

"ಆಗ ಬಾಟ್ಲಿ ತಾತನ ಕೈಲಿತ್ತು."